ಶನಿವಾರದ ವೈಬಿಸಿಒ ಫಿಲ್ಮ್ ಅಳತೆ: ಬರುವ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಬೆಳಿಗ್ಗೆ 9.30ಕ್ಕೆ ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ವೈಬಿಸಿಒ (ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್, ತುಂಬಾ ತಣ್ಣಗಾದಾಗ ಅತಿವಾಹಕ) ಫಿಲ್ಮ್‌ಗಳ ಮೈಕ್ರೋವೇವ್ ಮೇಲ್ಮೈ ರೋಧ, ಅಂದರೆ ಮೈಕ್ರೋವೇವ್ ಅಲೆಗೆ ಮೇಲ್ಮೈ ಒಡ್ಡುವ ತಡೆ, ಅಳೆಯುತ್ತೇವೆ. ಬಳಸುವುದು ನೀಲಮಣಿ ರೆಸೊನೇಟರ್ (ಒಂದು ನಿರ್ದಿಷ್ಟ ಆವರ್ತನದಲ್ಲಿ ಅನುರಣಿಸುವ ಸಾಧನ), ಸುಮಾರು 10 ಗಿಗಾಹರ್ಟ್ಸ್, ದ್ರವ ಸಾರಜನಕದ 77 ಕೆಲ್ವಿನ್ ತಾಪ.

ಚಿತ್ರದುರ್ಗದಿಂದ ಬರುವವರು ಫಿಲ್ಮನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲೇ ತನ್ನಿ. ವೈಬಿಸಿಒಗೆ ತೇವ ಆಗದು, ನೀರಿನಲ್ಲಿ ತೊಳೆಯಲೇಬೇಡಿ.

ಒಂದೇ ಬ್ಯಾಚಿನ ಮೂರು ಫಿಲ್ಮ್ ಬೇಕು. ನೀಲಮಣಿಯ ಮೇಲೊಂದು, ಕೆಳಗೊಂದು ಕೂರುವುದರಿಂದ ಒಂದು ಅಳತೆಯಲ್ಲಿ ಸಿಗುವುದು ಎರಡರ ಸರಾಸರಿ ಮಾತ್ರ. 1-2, 2-3, 1-3 ಹೀಗೆ ಜೋಡಿ ಬದಲಿಸಿದರೆ ಒಂದೊಂದರ ಬೆಲೆಯೂ ಬಿಡಿಸಿಕೊಳ್ಳಬಹುದು. ಸಮಯ ಹಿಡಿದರೂ ಇದನ್ನು ಬಿಡುವುದು ಬೇಡ.

ಅನಲೈಸರ್ (ಮೈಕ್ರೋವೇವ್ ಸಂಕೇತ ಕಳಿಸಿ ಅಳೆಯುವ ಉಪಕರಣ) 9ಕ್ಕೇ ಆನ್ ಆಗಿರಲಿ, ಬಿಸಿಯಾಗಿ ಸ್ಥಿರಗೊಳ್ಳಬೇಕು. ಕಪ್ಲಿಂಗ್ (ಅಲೆಯನ್ನು ರೆಸೊನೇಟರಿಗೆ ಕೊಟ್ಟು ತೆಗೆಯುವ) ಲೂಪ್‌ಗಳನ್ನು ಹಿಂದಕ್ಕೆಳೆದು ಪ್ರಸರಣದ (ರೆಸೊನೇಟರ್ ದಾಟಿ ಬರುವ ಸಂಕೇತದ) ಶಿಖರ -40 ಡಿಬಿಗಿಂತ ಕೆಳಗಿರುವಂತೆ ನೋಡಿಕೊಳ್ಳಿ. ಲೂಪ್ ಹತ್ತಿರವಿದ್ದರೆ ಕ್ಯೂ (ಅನುರಣನ ಎಷ್ಟು ಚೂಪು, ನಷ್ಟ ಎಷ್ಟು ಕಡಿಮೆ ಎಂಬ ಅಂಕಿ) ಕುಗ್ಗುತ್ತದೆ, ಫಿಲ್ಮ್ ಕೆಟ್ಟದ್ದೆಂದು ತೋರುತ್ತದೆ. ದ್ರವ ಸಾರಜನಕದ ಕುದಿತ ನಿಲ್ಲುವವರೆಗೆ ಶಿಖರ ನಡುಗುತ್ತದೆ. ಅಷ್ಟರಲ್ಲಿ ಓದಿಕೊಂಡ ಅಂಕಿ ಬೇಡ.

ಒಳ್ಳೆಯ ಫಿಲ್ಮ್ ಇಲ್ಲಿ 1 ಮಿಲಿಓಮ್‌ಗಿಂತ ಕಡಿಮೆ ಕೊಡುತ್ತದೆ. ಹೆಚ್ಚು ಬಂದರೆ ಮೊದಲು ಧೂಳಿದೆಯೇ, ಫಿಲ್ಮ್ ಓರೆಯಾಗಿ ಕೂತಿದೆಯೇ ನೋಡಿ. ಶಿಖರದ ಆವರ್ತನ ಎಷ್ಟು ಸರಿಯಿತು ಎಂಬುದರಿಂದ ಪ್ರತಿಘಾತದ (ರಿಯಾಕ್ಟೆನ್ಸ್, ಶಕ್ತಿ ನಷ್ಟವಿಲ್ಲದ ತಡೆ) ಬದಲಾವಣೆಯಷ್ಟೇ ತಿಳಿಯುವುದು, ಪೂರ್ಣ ಬೆಲೆಯಲ್ಲ. ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆಯಿರಿ.

ತಣ್ಣಗಿರುವಾಗ ಮುಚ್ಚಳ ತೆಗೆಯಬೇಡಿ, ಇಬ್ಬನಿ ಕೂರುತ್ತದೆ. ಕೈಗವಸು, ಕನ್ನಡಕ ಕಡ್ಡಾಯ, ಕಿಟಕಿ ತೆರೆದಿರಲಿ.

ನಿಮ್ಮ ಫಿಲ್ಮಿನ ಉದ್ದಗಲ ಮತ್ತು ದಪ್ಪವನ್ನು ಗುರುವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ತೆಳು ಫಿಲ್ಮಿನಲ್ಲಿ ಅಲೆ ಫಿಲ್ಮ್ ಕೂತಿರುವ ತಳಕ್ಕೆ ಸೋರುವುದರಿಂದ ತಿದ್ದುಪಡಿಗೆ ದಪ್ಪ ಬೇಕೇ ಬೇಕು.