ಸುರೇಶನಿಗೆ, ಫ್ಲಾರೆನ್ಸಿನ ಅಂಗಡಿಗಳ ಬಗ್ಗೆ

ಪ್ರೀತಿಯ ಸುರೇಶ,

"ಫ್ಲಾರೆನ್ಸಿನಲ್ಲಿ ನಾಲ್ಕು ದಿನ ಇರ್ತೀವಿ, ಬಟ್ಟೆಬರೆ ತಗೊಳ್ಳೋಕೆ ಎಲ್ಲಿ ಹೋಗಬೇಕು, ಒಂದು ಲಿಸ್ಟ್ ಕಳಿಸು" ಅಂತ ಎರಡು ಸಾಲು ಬರೆದು ಬಿಟ್ಟೆ ನೀನು. ಲಿಸ್ಟ್ ಬರೆಯೋಕೆ ಅಂತಲೇ ಕೂತೆ ಮಾರಾಯ, ಅದು ಪತ್ರ ಆಯಿತು. ಪಿಸಾದಲ್ಲಿ ಓದುತ್ತಿದ್ದ ಎರಡು ವರ್ಷ ನಾನು ತಿಂಗಳಿಗೊಮ್ಮೆಯಾದರೂ ರೈಲು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ, ಒಂದು ಗಂಟೆಯ ದಾರಿ ಅಷ್ಟೇ. ಕೈಯಲ್ಲಿ ಕಾಸು ಇರಲಿಲ್ಲ, ಹಾಗಾಗಿ ಕೊಂಡಿದ್ದು ಕಡಿಮೆ, ನೋಡಿದ್ದು ಜಾಸ್ತಿ. ಈ ಪತ್ರ ಬರೆಯೋಕೆ ಅದೇ ನನ್ನ ಅರ್ಹತೆ.

ಮೊದಲು ವಿಳಾಸದ ವಿಷಯ. ಇದನ್ನು ಯಾರೂ ಹೇಳಿಕೊಡದೆ ನಾನು ಒಂದು ಇಡೀ ಮಧ್ಯಾಹ್ನ ಕಳೆದುಕೊಂಡಿದ್ದೆ. ಆ ಊರಿನ ಹಳೆಯ ಬೀದಿಗಳಲ್ಲಿ ನಂಬರು ಎರಡು ಥರ. ಮನೆಗಳಿಗೆ ಕಪ್ಪು ಅಥವಾ ನೀಲಿ, ಅಂಗಡಿಗಳಿಗೆ ಕೆಂಪು. ಎರಡೂ ಬೇರೆ ಬೇರೆ ಲೆಕ್ಕ. ವಿಳಾಸದಲ್ಲಿ ನಂಬರಿನ ಪಕ್ಕ 'ಆರ್' ಅಕ್ಷರ ಇದ್ದರೆ ಅದು ರೋಸ್ಸೋ, ಅಂದರೆ ಕೆಂಪು. ಕೆಂಪು 15ರ ಅಂಗಡಿ ಹುಡುಕುತ್ತಾ ಕಪ್ಪು 15ರ ಮುಂದೆ ನಿಂತು ಯಾರದ್ದೋ ಮನೆ ಬೆಲ್ ಒತ್ತಿದವನು ನಾನು. ಅಜ್ಜಿಯೊಬ್ಬರು ಕಿಟಕಿಯಿಂದ ಬೈದರು. ಏನು ಬೈದರು ಅಂತ ಆಗ ಗೊತ್ತಾಗಲಿಲ್ಲ, ಈಗ ಗೊತ್ತು.

ಈಗ ಚರ್ಮದ ಜಾಕೆಟ್. ವೀಣಾಗೆ ಒಂದು ಕೊಡಿಸಬೇಕು ಅಂದಿದ್ದೀಯಲ್ಲ, ನನ್ನ ಕಥೆ ಕೇಳು. ಮೊದಲ ಚಳಿಗಾಲದಲ್ಲಿ ಒಂದು ಗಲ್ಲಿಯಲ್ಲಿ ಹೋಗುತ್ತಿದ್ದೆ, ಅಂಗಡಿಯವನೊಬ್ಬ "ಇಂಡಿಯಾ? ನಮಸ್ತೇ!" ಅಂತ ಒಳಗೆ ಎಳೆದುಕೊಂಡ. 280 ಯೂರೋ ಅಂತ ಶುರು ಮಾಡಿದ. ನಾನು ಬಾಗಿಲು ದಾಟುವಷ್ಟರಲ್ಲಿ 150, ಗಲ್ಲಿ ತಿರುವಿಗೆ ಬರುವಷ್ಟರಲ್ಲಿ 90. ಗೆದ್ದೆ ಅಂತ ಬೀಗಿಕೊಂಡು ಹಾಕಿಕೊಂಡೇ ಪಿಸಾಕ್ಕೆ ಬಂದೆ. ಮೊದಲ ಮಳೆಗೆ ಅದರ ಬಣ್ಣ ಬಿಟ್ಟು ನನ್ನ ಬಿಳಿ ಶರ್ಟಿನ ಕಾಲರ್ ಕಂದು ಆಯಿತು, ಕತ್ತೂ ಆಯಿತು. ಯಾವ ಅಂಗಡಿ ಅಂತ ಕೇಳಬೇಡ. 280ರ ಸಾಮಾನು ಹತ್ತು ನಿಮಿಷದಲ್ಲಿ 90ಕ್ಕೆ ಬರುತ್ತೆ ಅಂದರೆ ಅದು ಯಾವತ್ತೂ 280ರದ್ದಲ್ಲ, ಇದು ನಮ್ಮ ಸಂತೆಯಲ್ಲಿ ಬೆಳೆದವನಿಗೆ ಗೊತ್ತಿರಬೇಕಿತ್ತು ಅಲ್ವಾ.

ಹಾಗಾದರೆ ಒಳ್ಳೆಯ ಚರ್ಮ ಎಲ್ಲಿ? ಸಾಂತಾ ಕ್ರೋಚೆ ಚರ್ಚಿನ ಹಿಂಭಾಗಕ್ಕೆ ಹೋಗು. ಅಲ್ಲಿನ ಫ್ರಾನ್ಸಿಸ್ಕನ್ ಮಠದೊಳಗೆ ಸ್ಕುವೋಲಾ ದೆಲ್ ಕುವೋಯೋ ಇದೆ, ಚರ್ಮದ ಶಾಲೆ ಅಂತ ಅರ್ಥ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅನಾಥ ಹುಡುಗರಿಗೆ ಒಂದು ಕಸುಬು ಕಲಿಸೋಣ ಅಂತ ಮಠದವರೂ ಚರ್ಮದ ಕೆಲಸದ ಎರಡು ಮನೆತನದವರೂ ಸೇರಿ 1950ರಲ್ಲಿ ಶುರು ಮಾಡಿದ್ದು. ಕೆಲಸ ಮಾಡುವವರ ಪಕ್ಕದಲ್ಲೇ ನಿಂತು ನೋಡಬಹುದು. ಒಬ್ಬರು ಚರ್ಮ ಕತ್ತರಿಸುತ್ತಿರುತ್ತಾರೆ, ಇನ್ನೊಬ್ಬರು ಅಂಚಿಗೆ ಬಣ್ಣ ಹಚ್ಚುತ್ತಿರುತ್ತಾರೆ, ಯಾರೂ ನಿನ್ನನ್ನು ಕರೆಯೋದಿಲ್ಲ, ಎಳೆಯೋದಿಲ್ಲ. ಬೆಲೆ ಜಾಸ್ತಿಯೇ. ಆದರೆ ಬೆಲ್ಟು, ಪರ್ಸು ನಮ್ಮಂಥವರ ಕೈಗೂ ಸಿಗುತ್ತೆ, ಅದರ ಮೇಲೆ ಹೆಸರಿನ ಅಕ್ಷರ ಒತ್ತಿಯೂ ಕೊಡುತ್ತಾರೆ. ನಾನು ಏನೂ ಕೊಳ್ಳದೆ ನಾಲ್ಕು ಸಲ ಹೋಗಿ, ಐದನೇ ಸಲ ಒಂದು ಬೆಲ್ಟ್ ತಗೊಂಡೆ. ಇವತ್ತೂ ಅದನ್ನೇ ಕಟ್ಟಿದ್ದೇನೆ. ತೂತು ಮಾತ್ರ ಎರಡು ಹೊಸದು ಹಾಕಿಸಬೇಕಾಯಿತು, ಯಾವ ಕಡೆಗೆ ಅಂತ ನೀನೇ ಊಹಿಸು.

ಫ್ಲಾರೆನ್ಸಿಗೂ ಪಿಸಾಕ್ಕೂ ನಡುವೆ ನದಿ ದಂಡೆಯಲ್ಲಿ ಇನ್ನೊಂದು ಸಾಂತಾ ಕ್ರೋಚೆ ಇದೆ, ಸಾಂತಾ ಕ್ರೋಚೆ ಸುಲ್ಲ್ ಆರ್ನೋ. ಚರ್ಮ ಹದ ಮಾಡುವ ಊರು. ಮರದ ಸತ್ವ ಬಳಸಿ ವಾರಗಟ್ಟಲೆ ನಿಧಾನವಾಗಿ ಹದ ಮಾಡುವ ಪದ್ಧತಿ ಅಲ್ಲಿ ಇನ್ನೂ ಉಳಿದಿದೆ. ನಮ್ಮ ಬಯಲುಸೀಮೆ ಕಡೆ ತಂಗಡಿ ತೊಗಟೆ ಹಾಕಿ ಹದ ಮಾಡುತ್ತಿದ್ದರಲ್ಲ, ಅದೇ ಜಾತಿ. ಇಂಥ ಚರ್ಮ ಹೊಸದರಲ್ಲಿ ಸ್ವಲ್ಪ ಬಿರುಸು, ಬಣ್ಣ ತಿಳಿ. ಬಳಸುತ್ತಾ ಹೋದ ಹಾಗೆ ಮೆತ್ತಗಾಗಿ ಗಾಢವಾಗುತ್ತೆ. 'ಕೊಂಚಾತೋ ಆಲ್ ವೆಜೆತಾಲೆ' ಅಂತ ಚೀಟಿ ಇದೆಯಾ ನೋಡು. ಬರೀ 'ವೇರಾ ಪೆಲ್ಲೆ', ಅಂದರೆ ನಿಜವಾದ ಚರ್ಮ, ಅಂತ ಇದ್ದರೆ ಅಷ್ಟಕ್ಕೇ ನಂಬಬೇಡ, ನನ್ನ ಬಣ್ಣ ಬಿಟ್ಟ ಜಾಕೆಟ್ಟಿನ ಮೇಲೂ ಅದೇ ಇತ್ತು. ಚಪ್ಪಲಿ, ಶೂಗಳಲ್ಲಿ ಇನ್ನೊಂದು ಸುಲಭದ ಗುರುತಿದೆ. ಒಳಗೆ ಅಥವಾ ಅಡಿಯಲ್ಲಿ ಹರಡಿದ ತೊಗಲಿನ ಆಕಾರದ ಚಿತ್ರ ಇದ್ದರೆ ಚರ್ಮ, ಡೈಮಂಡ್ ಆಕಾರ ಇದ್ದರೆ ಪ್ಲಾಸ್ಟಿಕ್ಕೋ ರೆಕ್ಸಿನ್ನೋ ಏನೋ ಒಂದು.

ಇನ್ನು ವಿಯಾ ತೋರ್ನಬುವೋನಿ. ದೊಡ್ಡ ಬ್ರ್ಯಾಂಡ್‌ಗಳ ಬೀದಿ. ಹೋಗಿ ನೋಡಿಕೊಂಡು ಬಾ, ಕೊಳ್ಳೋಕೆ ಹೋಗಬೇಡ ಅನ್ನೋದು ನನ್ನ ಮಾತು. ಗುಚ್ಚಿ ಹುಟ್ಟಿದ್ದೇ ಈ ಊರಲ್ಲಿ, 1921ರಲ್ಲಿ. ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಕೆಲಸ ಮಾಡುತ್ತಾ ಸಾಹುಕಾರರ ಪೆಟ್ಟಿಗೆಗಳನ್ನು ನೋಡಿದ್ದ ಗುಚ್ಚಿಯೋ ಗುಚ್ಚಿ ವಾಪಸ್ ಬಂದು ಪೆಟ್ಟಿಗೆ ಅಂಗಡಿ ಹಾಕಿದ. ಆದರೆ ಅದೇ ಬ್ಯಾಗು ಈಗ ನಮ್ಮ ದೇಶದ ಮಾಲುಗಳಲ್ಲೂ ಸಿಗುತ್ತಲ್ಲ. ಆ ಬೀದಿಯಲ್ಲಿ ನೀನು ನಿಜವಾಗಿ ಒಳಗೆ ಹೋಗಬೇಕಾದ ಜಾಗ ಫೆರಗಾಮೋ ಅವರ ಶೂ ಮ್ಯೂಸಿಯಂ, ಬೀದಿ ಕೊನೆಯಲ್ಲಿ ಸೇತುವೆ ಹತ್ತಿರ, ಕೋಟೆ ಥರ ಕಾಣುವ ಹಳೆಯ ಅರಮನೆಯ ನೆಲಮಾಳಿಗೆಯಲ್ಲಿ. ಸಾಲ್ವತೋರೆ ಫೆರಗಾಮೋ ಅಮೆರಿಕದಲ್ಲಿ ಸಿನಿಮಾದವರಿಗೆ ಶೂ ಮಾಡಿ ಹೆಸರು ಗಳಿಸಿ 1927ರಲ್ಲಿ ಫ್ಲಾರೆನ್ಸಿಗೆ ಬಂದ. 1930ರ ದಶಕದಲ್ಲಿ ಇಟಲಿಗೆ ಉಕ್ಕಿನ ಅಭಾವ ಬಂದು ಎತ್ತರದ ಹಿಮ್ಮಡಿಯ ಶೂನಲ್ಲಿ ಪಾದದ ನಡುಭಾಗಕ್ಕೆ ಆಸರೆ ಕೊಡುವ ಉಕ್ಕಿನ ಪಟ್ಟಿ ಸಿಗದೆ ಹೋದಾಗ ಬಾಟಲಿಯ ಬಿರಡೆ ಮಾಡುವ ಕಾರ್ಕನ್ನೇ ಅಂಟಿಸಿ ದಪ್ಪ ಅಡಿ ಮಾಡಿದ. ಹೆಂಗಸರ ವೆಡ್ಜ್ ಹೀಲ್ಸ್ ಹೀಗೆ ಚಾಲ್ತಿಗೆ ಬಂತು. ವೀಣಾಗೆ ಇದು ಖಂಡಿತ ಹಿಡಿಸುತ್ತೆ.

ಅದೇ ಬೀದಿಯಲ್ಲಿ ಪ್ರಾದಾ ಅಂಗಡಿಯೂ ಇದೆ. ಪ್ರಾದಾ ಮಿಲಾನಿನವರು, ಇಲ್ಲಿಯವರಲ್ಲ. 2025ರಲ್ಲಿ ಅವರು ಗಂಡಸರ ಶೋನಲ್ಲಿ ಕೊಲ್ಹಾಪುರಿ ಥರದ ಚಪ್ಪಲಿ ತೋರಿಸಿ ಗಲಾಟೆ ಆಯಿತಲ್ಲ. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ ಗುರುತಿನಲ್ಲಿ, ಅಂದರೆ ಇದು ಇಂಥ ಊರಿನ ಸಾಮಾನು ಅನ್ನುವ ಸರ್ಕಾರಿ ಗುರುತಿನಲ್ಲಿ, ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿವೆ. ಅಥಣಿ ಚಪ್ಪಲಿ ಹಾಕಿಕೊಂಡೇ ಆ ಗಾಜಿನ ಮುಂದೆ ನಿಂತು ಒಂದು ಫೋಟೋ ತೆಗೆಸಿಕೋ, ಚಳಿಗೆ ಕಾಲು ಮರಗಟ್ಟಿದರೂ ಪರವಾಗಿಲ್ಲ.

ಈ ಊರಿಗೆ ಬಟ್ಟೆ ಹೊಸದಲ್ಲ ಕಣೋ. 1338ರ ಹೊತ್ತಿಗೆ ಇಲ್ಲಿ 200ಕ್ಕೂ ಜಾಸ್ತಿ ಉಣ್ಣೆ ಬಟ್ಟೆಯ ಕಾರ್ಖಾನೆ ಅಂಗಡಿಗಳಿದ್ದವು, 30,000ಕ್ಕಿಂತ ಹೆಚ್ಚು ಜನ ಅದರಿಂದ ಬದುಕುತ್ತಿದ್ದರು ಅಂತ ಆಗಿನ ಚರಿತ್ರೆಕಾರ ವಿಲ್ಲಾನಿ ಅನ್ನುವವನು ಬರೆದಿಟ್ಟಿದ್ದಾನೆ. ನೀವು ಬಾಯಿ ಬಿಟ್ಟು ನೋಡುವ ಆ ದೊಡ್ಡ ಗುಮ್ಮಟದ ಚರ್ಚನ್ನು ಕಟ್ಟಿಸುವ ಉಸ್ತುವಾರಿಯೂ ಉಣ್ಣೆ ವ್ಯಾಪಾರಿಗಳ ಸಂಘದ್ದೇ. ನಮ್ಮ ಅಕ್ಕಿಪೇಟೆ, ಅರಳೇಪೇಟೆ ಥರ ಅಲ್ಲೂ ಬೀದಿಯ ಹೆಸರಲ್ಲಿ ಕಸುಬು ಉಳಿದಿದೆ. ಕೋರ್ಸೋ ದೇಯಿ ತಿಂತೋರಿ ಅಂದರೆ ಬಣ್ಣ ಹಾಕುವವರ ಬೀದಿ.

ಹಳೇ ಊರಿನ ನಡುವೆ ಕಂಬಗಳ ಒಂದು ಮಂಟಪದ ಮಾರ್ಕೆಟ್ ಇದೆ, 1500ರ ದಶಕದಲ್ಲಿ ರೇಷ್ಮೆ ಮಾರಲು ಕಟ್ಟಿದ್ದು. ಈಗ ಬ್ಯಾಗು, ಸ್ಕಾರ್ಫು. ಪಕ್ಕದಲ್ಲಿ ಕಂಚಿನ ಕಾಡುಹಂದಿ, ಅದರ ಮೂತಿ ಸವರಿದರೆ ಮತ್ತೆ ಈ ಊರಿಗೆ ಬರುತ್ತೀಯ ಅಂತ ನಂಬಿಕೆ. ಎಲ್ಲರೂ ಅಲ್ಲೇ ನಿಂತು ವಾಪಸ್ ಹೋಗುತ್ತಾರೆ. ನೀನು ಮಂಟಪದ ಮಧ್ಯೆ ಹೋಗಿ ನೆಲ ನೋಡು, ಚಕ್ರದ ಆಕಾರದ ಕಲ್ಲು ಇದೆ. ದಿವಾಳಿ ಎದ್ದ ವ್ಯಾಪಾರಿಯ ಚಡ್ಡಿ ಬಿಚ್ಚಿಸಿ ಎಲ್ಲರೆದುರು ಆ ಕಲ್ಲಿಗೆ ಅಂಡು ಕುಕ್ಕುತ್ತಿದ್ದರಂತೆ. ಕ್ರೆಡಿಟ್ ಕಾರ್ಡ್ ತೆಗೆಯುವ ಮೊದಲು ಒಂದು ಸಲ ನೋಡಿಕೊಂಡು ಬರಬೇಕಾದ ಜಾಗ.

ಊರಿನವರು ಬಟ್ಟೆ ಕೊಳ್ಳುವುದು ನೋಡಬೇಕಾ? ಮಂಗಳವಾರ ಬೆಳಿಗ್ಗೆ ಕಾಶಿನೆ ಪಾರ್ಕಿಗೆ ಹೋಗು, ಟ್ರಾಮಿದೆ. ನದಿ ಪಕ್ಕ ಉದ್ದಕ್ಕೆ ಸಂತೆ. ಸ್ವೆಟರ್, ಒಳಉಡುಪು, ಹಾಸಿಗೆ ಬಟ್ಟೆ, ಗುಡ್ಡೆ ಹಾಕಿದ ಹಳೇ ಕೋಟುಗಳು. ಗುಡ್ಡೆಗೆ ಕೈ ಹಾಕಿ ಹೆಕ್ಕೋದು ವೀಣಾಗೆ ಬಿಡು, ನೀನು ಚೀಲ ಹಿಡಿದುಕೋ. ಮಧ್ಯಾಹ್ನಕ್ಕೆ ಎಲ್ಲ ಕಟ್ಟುತ್ತಾರೆ. ಅದು ತಪ್ಪಿದರೆ ಸಾಂತ್ ಅಂಬ್ರೋಜೋ ತರಕಾರಿ ಮಾರ್ಕೆಟ್ಟಿನ ಹೊರಗೂ ಬಟ್ಟೆ ಅಂಗಡಿಗಳಿವೆ. ಔಟ್‌ಲೆಟ್ ಬಗ್ಗೆ ಕೇಳಿದ್ದೀಯ. ದಿ ಮಾಲ್ ಅಂತ ಊರಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ, ಬಸ್ಸಿದೆ. ಇರೋ ನಾಲ್ಕು ದಿನದಲ್ಲಿ ಅರ್ಧ ದಿನ ಅಲ್ಲಿ ಕಳೆಯೋದು ನನಗಂತೂ ದಂಡ ಅನಿಸುತ್ತೆ.

ನೀವು ಹೋಗುವುದು ಜನವರಿ ಎರಡನೇ ವಾರ, ಅದು ಒಂದು ಲಾಭ. ಜನವರಿ 6ರ ಹಬ್ಬದ ಆಸುಪಾಸಿನಲ್ಲಿ ಸಾಲ್ದಿ, ಅಂದರೆ ಸರ್ಕಾರವೇ ದಿನ ಗೊತ್ತು ಮಾಡಿದ ರಿಯಾಯಿತಿ ಮಾರಾಟ, ಶುರುವಾಗಿರುತ್ತೆ. ಚೀಟಿಯಲ್ಲಿ ಹಳೆಯ ಬೆಲೆ ಮತ್ತು ಎಷ್ಟು ಶೇಕಡಾ ಇಳಿಸಿದ್ದಾರೆ ಅನ್ನೋದು ಇರಲೇಬೇಕು. ಅದೇ ಹೊತ್ತಿಗೆ ಸಾಮಾನ್ಯವಾಗಿ ಪಿತ್ತಿ ವೂವೋಮೋ, ಗಂಡಸರ ಬಟ್ಟೆಯ ದೊಡ್ಡ ಮೇಳ, 1972ರಿಂದ ನಡೆಯುತ್ತಿದೆ. ಒಳಗೆ ಬಿಡೋದು ವ್ಯಾಪಾರದವರನ್ನು ಮಾತ್ರ. ಆದರೆ ರೈಲ್ವೆ ಸ್ಟೇಷನ್ ಪಕ್ಕದ ಕೋಟೆಯ ಬಾಗಿಲಲ್ಲಿ ಸುಮ್ನೆ ನಿಂತರೆ ಸಾಕು, ಮಾವಿನ ಹಣ್ಣಿನ ಬಣ್ಣದ ಸೂಟು ಹಾಕಿದವರೆಲ್ಲ ಬಿಟ್ಟಿಯಾಗಿ ಕಾಣುತ್ತಾರೆ. ರೂಮು ಮಾತ್ರ ಈಗಲೇ ಬುಕ್ ಮಾಡು.

ಚಿಲ್ಲರೆ ವಿಷಯಗಳು. ನಮ್ಮ 38ರ ಕೋಟು ಅಲ್ಲಿ 48, ನಿನ್ನ 8ರ ಶೂ ಅಲ್ಲಿ 42. ಸಣ್ಣ ಅಂಗಡಿಗಳು ಮಧ್ಯಾಹ್ನ ಒಂದರಿಂದ ಮೂರೂವರೆವರೆಗೆ ಬಾಗಿಲು ಹಾಕುತ್ತವೆ. ಒಂದೇ ಅಂಗಡಿಯಲ್ಲಿ 70 ಯೂರೋಗಿಂತ ಜಾಸ್ತಿ ಕೊಂಡರೆ ತೆರಿಗೆ ವಾಪಸ್ ಕೇಳಬಹುದು, ಪಾಸ್‌ಪೋರ್ಟ್ ಜೊತೆಗಿರಲಿ. ರಸ್ತೆ ಮೇಲೆ ಬೆಡ್‌ಶೀಟ್ ಹಾಸಿ ಮಾರುವ ನಕಲಿ ಬ್ಯಾಗ್ ಮುಟ್ಟಬೇಡ. ಅಲ್ಲಿ ಕೊಂಡವನಿಗೂ ದಂಡ, 7000 ಯೂರೋವರೆಗೆ ಹಾಕಬಹುದು.

ಕೊನೆಗೆ ಒಂದು ಅಂಗಡಿ, ಇದು ನನ್ನ ಸ್ವಾರ್ಥ. ಹಳೇ ಸೇತುವೆ ಪೋಂತೆ ವೆಕ್ಕಿಯೋ ದಾಟಿದ ಕೂಡಲೇ ವಿಯಾ ಗುಯಿಚಾರ್ದೀನಿಯಲ್ಲಿ ಮದೋವಾ ಅಂತ ಇದೆ. ಬರೀ ಕೈಗವಸು ಮಾರುತ್ತಾರೆ, ಬೇರೆ ಏನೂ ಇಲ್ಲ. 1919ರಿಂದ ಒಂದೇ ಮನೆತನ. ಒಳಗಿನ ಅಸ್ತರು ರೇಷ್ಮೆ ಬೇಕೋ ಉಣ್ಣೆ ಬೇಕೋ ಕೇಳುತ್ತಾರೆ. ನಾನು ಹೋದಾಗ ಅಲ್ಲಿದ್ದವರು ನನ್ನ ಕೈ ಒಂದು ಸಲ ನೋಡಿ ಎಂಟೂವರೆ ಅಂದರು, ಹಾಕಿದರೆ ಚರ್ಮದ ಮೇಲೆ ಚರ್ಮ ಕೂತ ಹಾಗಿತ್ತು. ಹೋದ ವರ್ಷ ಇಲ್ಲಿ ಸ್ಟುಟ್‌ಗಾರ್ಟಿನ ಟ್ರಾಮಿನಲ್ಲಿ ಬಲಗೈದು ಬಿಟ್ಟು ಇಳಿದೆ. ಎಡಗೈದು ಇದೆ, ಎಸೆಯೋಕೆ ಮನಸ್ಸು ಬರಲಿಲ್ಲ. ನನಗೇನೂ ತರಬೇಡ ಅಂತ ಬರೆಯೋಣ ಅಂದುಕೊಂಡೆ, ಆದರೆ ಎಂಟೂವರೆ, ಕಂದು, ಉಣ್ಣೆ ಅಸ್ತರು. ದುಡ್ಡು ಇವತ್ತೇ ಕಳಿಸುತ್ತೇನೆ.

ನಿನ್ನ,
ಪ್ರಕಾಶ