ಒರೆಸಬೇಡ ಮಾರಾಯ

ಸಾಗರ, ಅಕ್ಟೋಬರ್ ಕೊನೆ

ಗೆಳೆಯಾ,

ನೀನು ಕಳಿಸಿದ ಫೋಟೋ ನೋಡಿದೆ. ಟೆಲಿಸ್ಕೋಪಿನ ಕೊಳವೆಯೊಳಗೆ ಮೊಬೈಲ್ ಟಾರ್ಚ್ ಬಿಟ್ಟು ತೆಗೆದಿದ್ದೀಯ. ಕೆಳಗೆ "ಕನ್ನಡಿ ತುಂಬಾ ಧೂಳು, ಕನ್ನಡಕದ ಬಟ್ಟೆಯಲ್ಲಿ ಒರೆಸಲಾ?" ಅಂತ ಕೇಳಿದ್ದೀಯ. ಒರೆಸಬೇಡ ಮಾರಾಯ. ಉಳಿದದ್ದು ಆಮೇಲೆ ಓದು, ಮೊದಲು ಆ ಬಟ್ಟೆ ಕೆಳಗಿಡು.

ಮೆಸೇಜಿನಲ್ಲಿ ಮುಗಿಯುವ ಮಾತಲ್ಲ ಅಂತ ಪತ್ರ ಬರೆಯುತ್ತಿದ್ದೇನೆ. ಹೊಸದಾಗಿ ಟೆಲಿಸ್ಕೋಪ್ ಕೊಂಡವರು ಇನ್ನೂ ಇರುತ್ತಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ಟಾರ್ಚ್ ಬೆಳಕಲ್ಲಿ ಎಂಥ ಕನ್ನಡಿಯೂ ಹೊಲಸಾಗಿಯೇ ಕಾಣುತ್ತದೆ. ಗವಾಕ್ಷಿಯಿಂದ ಬಿಸಿಲುಕೋಲು ಬಿದ್ದಾಗ ಅಡುಗೆಮನೆ ತುಂಬಾ ಧೂಳು ಕಾಣುತ್ತಲ್ಲ, ಅದೇ ಲೆಕ್ಕ. ನಿನ್ನದು ಆರು ಇಂಚು ಅಗಲದ ಕನ್ನಡಿಯ ಡಾಬ್, ಅಂದರೆ ಮರದ ಪೀಠದ ಮೇಲೆ ಕೂರಿಸಿ ಕೈಯಿಂದ ತಿರುಗಿಸುವ ಟೆಲಿಸ್ಕೋಪ್. ಅದರ ಬಾಯಿಯ ಹತ್ತಿರ ಓರೆಯಾಗಿ ನಿಂತ ಚಿಕ್ಕ ಕನ್ನಡಿ ಇದೆಯಲ್ಲ, ಅದೊಂದೇ ಒಳಗೆ ಬರುವ ಬೆಳಕಿನಲ್ಲಿ ನೂರಕ್ಕೆ ಐದರಷ್ಟನ್ನು ತಡೆಯುತ್ತದೆ. ಅದಕ್ಕೆ ನೀನು ಒಂದು ದಿನವೂ ತಲೆ ಕೆಡಿಸಿಕೊಂಡಿಲ್ಲ. ನಿನ್ನ ಫೋಟೋದಲ್ಲಿರುವ ಧೂಳು ಅಷ್ಟನ್ನೂ ತಡೆಯುವುದಿಲ್ಲ.

ಒರೆಸಿದರೆ ಏನಾಗುತ್ತದೆ ಅಂತ ಕೇಳು. ನಮ್ಮನೆ ಬಚ್ಚಲ ಕನ್ನಡಿಗೆ ಹೊಳಪಿರುವುದು ಗಾಜಿನ ಹಿಂದೆ. ಟೆಲಿಸ್ಕೋಪ್ ಕನ್ನಡಿಗೆ ಮುಂದೆ, ಬರೀ ಮೈ. ಅಲ್ಲಿರುವ ಅಲ್ಯೂಮಿನಿಯಂ ಪದರ ತಲೆಗೂದಲ ದಪ್ಪದ ಸಾವಿರದಲ್ಲೊಂದು ಪಾಲು ಇದ್ದರೆ ಹೆಚ್ಚು. ಮೇಲೆ ಇನ್ನೊಂದು ತೆಳು ಕಾಪು ಇರುತ್ತದೆ, ಅಷ್ಟೆ. ಧೂಳು ಅಂದರೆ ಸಣ್ಣ ಸಣ್ಣ ಕಲ್ಲಿನ ಚೂರು. ಬಟ್ಟೆ ಹಿಡಿದು ಉಜ್ಜಿದರೆ ಉಪ್ಪುಕಾಗದ ಹಾಕಿ ತಿಕ್ಕಿದ ಹಾಗೆಯೇ.

ಇದನ್ನು ಓದಿ ಕಲಿತದ್ದಲ್ಲ. ನನ್ನ ಮೊದಲ ಟೆಲಿಸ್ಕೋಪ್ ನೆನಪಿದೆಯಾ, ನಾಲ್ಕೂವರೆ ಇಂಚಿನದು? ಅದರ ಕನ್ನಡಿಯನ್ನು ಅಪ್ಪನ ಹಳೇ ಪಂಚೆಯ ತುಂಡಿನಿಂದ ಒರೆಸಿದ್ದೆ. ಬಾಯಿಂದ ಹಬೆ ಊದಿ, ಗೋಲ ಗೋಲವಾಗಿ, ಬಹಳ ಪ್ರೀತಿಯಿಂದ. ಮುಗಿದ ಮೇಲೆ ಫಳಫಳ ಹೊಳೆಯಿತು. ರಾತ್ರಿ ಚಂದ್ರನ ಕಡೆ ತಿರುಗಿಸಿದರೆ ಸುತ್ತಲೂ ಹಾಲು ಚೆಲ್ಲಿದ ಹಾಗೆ ಮಬ್ಬು. ಬೆಳಿಗ್ಗೆ ಕಿಟಕಿ ಹತ್ತಿರ ಹಿಡಿದು ನೋಡಿದೆ. ನನ್ನ ಕೈ ಹೋದ ದಾರಿಯೆಲ್ಲ ಕನ್ನಡಿಯ ಮೇಲೆ ಬರೆದಿತ್ತು. ಆ ಗೀರುಗಳು ಇವತ್ತಿಗೂ ಇವೆ.

ಇಷ್ಟೆಲ್ಲ ಹೇಳಿಯೂ ನಿನ್ನ ಕನ್ನಡಿಯನ್ನು ತೊಳೆಯಲೇಬೇಕು. ಫೋಟೋವನ್ನು ದೊಡ್ಡದು ಮಾಡಿ ನೋಡು. ಎಡಗಡೆ ಅಂಚಿನಲ್ಲಿ ಒಂದು ಕಪ್ಪು ಕಡ್ಡಿ, ತುದಿಗೆ ಬಿಳಿ ಚುಕ್ಕೆ. ಅದು ಹಲ್ಲಿ ಹಿಕ್ಕೆ. ಧೂಳು ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ. ಹಿಕ್ಕೆ ಹಾಗಲ್ಲ, ತೇವ ತಗುಲಿದರೆ ಆ ಪದರವನ್ನು ತಿನ್ನುತ್ತದೆ. ಕೊಳವೆಯ ಮುಚ್ಚಳ ಹಾಕದೆ ಎಷ್ಟು ದಿನ ಇಟ್ಟಿದ್ದೆ ಅಂತ ನಾನು ಕೇಳುವುದಿಲ್ಲ.

ತೊಳೆಯುವುದು ಹೀಗೆ. ಮೊದಲು ಕೊಳವೆಯ ಮೇಲೂ ಕನ್ನಡಿಯನ್ನು ಹಿಡಿದಿರುವ ಹಿಂಬದಿಯ ಬಿಲ್ಲೆಯ ಮೇಲೂ ಪೆನ್ಸಿಲ್‌ನಿಂದ ಒಂದೊಂದು ಗೆರೆ ಎಳೆ. ಮತ್ತೆ ಕೂರಿಸುವಾಗ ಎರಡು ಗೆರೆಯೂ ಕೂಡಬೇಕು. ಕೊಳವೆಯನ್ನು ಹಾಸಿಗೆಯ ಮೇಲೆ ಅಡ್ಡ ಮಲಗಿಸಿ, ಬಿಲ್ಲೆಯನ್ನು ಕೊಳವೆಗೆ ಹಿಡಿದಿರುವ ಸ್ಕ್ರೂ ಬಿಚ್ಚಿದರೆ ಬಿಲ್ಲೆಯ ಜೊತೆ ಕನ್ನಡಿಯೂ ಬರುತ್ತದೆ. ಸ್ಕ್ರೂಗಳನ್ನು ಲೋಟದಲ್ಲಿ ಹಾಕು. ನಾನು ನೆಲದ ಮೇಲಿಟ್ಟು ಒಂದನ್ನು ಕಳೆದುಕೊಂಡೆ, ಅದು ಮೂರು ದಿನದ ಮೇಲೆ ಕಸಬರಿಗೆಯಲ್ಲಿ ಸಿಕ್ಕಿತು. ಕೈಯಲ್ಲಿ ಉಂಗುರ ಇದ್ದರೆ ತೆಗೆ. ಮೂರು ಕ್ಲಿಪ್ ಸಡಿಲಿಸಿ ಕನ್ನಡಿಯನ್ನು ಅಂಚಿನಲ್ಲಿ ಮಾತ್ರ ಹಿಡಿದು ಎತ್ತು. ಬಚ್ಚಲಲ್ಲಿ ಪ್ಲಾಸ್ಟಿಕ್ ಟಬ್ಬಿಟ್ಟು ತಳಕ್ಕೆ ಟವೆಲ್ ಹಾಸು, ಕೈ ಜಾರಿದರೂ ಬದುಕುತ್ತದೆ.

ಮೊದಲ ಕೆಲಸ ನೀರಿನದು, ನಿನ್ನದಲ್ಲ. ನಲ್ಲಿ ಸಣ್ಣಗೆ ಬಿಟ್ಟು ಎರಡು ಮೂರು ನಿಮಿಷ ಮೇಲೆ ಹರಿಯಲಿ. ಬಿಡಬೇಕಾದ ಧೂಳು ಅದರಲ್ಲೇ ಬಿಡುತ್ತದೆ. ಆಮೇಲೆ ಉಗುರು ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಕನ್ನಡಿಯನ್ನು ಅದರಲ್ಲಿ ಮುಳುಗಿಸಿ ಹತ್ತು ನಿಮಿಷ ಬಿಡು. ಹಿಕ್ಕೆ ನೆನೆದು ಮೆತ್ತಗಾಗಬೇಕು, ಉಗುರಲ್ಲಿ ಕೆರೆಯಲು ಹೋಗಬೇಡ. ಮೆಡಿಕಲ್ ಶಾಪಿನ ಹತ್ತಿಯನ್ನು ನೀರಲ್ಲಿ ಅದ್ದಿ ಕನ್ನಡಿಯ ಮೇಲಿಟ್ಟು ಮೆಲ್ಲಗೆ ಎಳೆ. ಬೆರಳಿನ ಭಾರ ಬೀಳಬಾರದು, ಒದ್ದೆ ಹತ್ತಿಯ ಭಾರ ಮಾತ್ರ. ಒಂದು ಸಲ ಎಳೆದ ಹತ್ತಿ ಕಸಕ್ಕೆ, ಇನ್ನೊಂದು ಗೀಟಿಗೆ ಹೊಸ ಹತ್ತಿ. ಹತ್ತಿ ಉಳಿಸಲು ಹೋದರೆ ಕನ್ನಡಿ ಹೋಗುತ್ತದೆ. ನಡುವೆ ಒಂದು ಪುಟ್ಟ ಉಂಗುರದ ಸ್ಟಿಕ್ಕರ್ ಇರುತ್ತದೆ, ಅದನ್ನು ಕೊಳೆ ಅಂತ ಕಿತ್ತೀಯ ಜೋಕೆ.

ಕೊನೆಯ ನೀರಿನ ವಿಷಯದಲ್ಲಿ ನಿನ್ನ ಊರಿಗೂ ನನ್ನ ಊರಿಗೂ ವ್ಯತ್ಯಾಸ ಇದೆ. ನಮ್ಮ ಬಾವಿ ನೀರು ಒಣಗಿದರೆ ಕಲೆ ಉಳಿಯುವುದಿಲ್ಲ. ನಿಮ್ಮ ರಾಯಚೂರಿನ ಬೋರ್ ನೀರು ಕೊಡದ ತಳದಲ್ಲಿ ಬಿಳಿ ಗಟ್ಟಿ ಕಟ್ಟುತ್ತದೆ ಅಂತ ನೀನೇ ಹೇಳಿದ್ದೆ. ಕನ್ನಡಿಯ ಮೇಲೂ ಅದೇ ಕಟ್ಟುತ್ತದೆ. ಇನ್ವರ್ಟರ್ ಅಂಗಡಿಯಲ್ಲಿ ಬ್ಯಾಟರಿ ನೀರು ಸಿಗುತ್ತದೆ, ಎರಡು ಬಾಟಲಿ ತಗೋ. ಆಸಿಡ್ ಅಲ್ಲ, ಬರೀ ಡಿಸ್ಟಿಲ್ಡ್ ವಾಟರ್, ಚೀಟಿ ಓದಿಯೇ ತಗೋ. ಅದರಲ್ಲಿ ಕೊನೆಗೆ ತೊಳೆದು ಗೋಡೆಗೆ ಒರಗಿಸಿ ನಿಲ್ಲಿಸು. ನೀರು ತಾನೇ ಇಳಿದುಹೋಗುತ್ತದೆ. ಉಳಿದ ಒಂದೆರಡು ಹನಿಗೆ ಟಿಶ್ಯೂ ಕಾಗದದ ಮೂಲೆ ತಾಗಿಸಿದರೆ ಸಾಕು, ಹೀರಿಕೊಳ್ಳುತ್ತದೆ. ಫ್ಯಾನ್ ಹಾಕಬೇಡ, ಧೂಳು ವಾಪಸ್ ಬರುತ್ತದೆ.

ನಾನು ಹೀಗೆ ತೊಳೆಯುತ್ತಿರುವಾಗ ಅಮ್ಮ ಬಚ್ಚಲ ಬಾಗಿಲಲ್ಲಿ ನಿಂತು, "ದೇವರ ಪಾತ್ರೆ ತೊಳಿ ಅಂದ್ರೆ ಈ ಭಕ್ತಿ ಎಲ್ಲಿ ಹೋಗಿರ್ತದೋ" ಅಂದರು. ಉತ್ತರ ಇರಲಿಲ್ಲ.

ಕ್ಲಿಪ್ ವಾಪಸ್ ಹಾಕುವಾಗ ಬಿಗಿ ಮಾಡಬೇಡ. ಕನ್ನಡಿಗೂ ಕ್ಲಿಪ್ಪಿಗೂ ನಡುವೆ ಕಾಗದದ ಹಾಳೆ ತೂರುವಷ್ಟು ಸಂದು ಇರಲಿ. ಬಿಗಿಯಾದರೆ ಗಾಜು ಹಿಂಡಿದಂತಾಗಿ ನಕ್ಷತ್ರ ಮೂರು ಮೂಲೆಯಾಗಿ ಕಾಣುತ್ತದೆ.

ಈ ಕನ್ನಡಿಯ ತಲೆನೋವು ಇವತ್ತಿನದಲ್ಲ. ವಿಲಿಯಂ ಹರ್ಷೆಲ್ 1781ರ ಮಾರ್ಚ್ 13ರಂದು ಯುರೇನಸ್ ಕಂಡುಹಿಡಿದದ್ದು ಇಂಗ್ಲೆಂಡಿನ ಬಾತ್ ಊರಿನ ತನ್ನ ಮನೆಯ ಹಿತ್ತಲಲ್ಲಿ, ತಾನೇ ಉಜ್ಜಿ ಮಾಡಿದ ಕನ್ನಡಿಯಿಂದ. ಅದರ ಅಗಲ ಆರು ಇಂಚಿಗಿಂತ ಚೂರು ಜಾಸ್ತಿ, ನಿನ್ನದರ ಅಳತೆಯೇ. ಆದರೆ ಗಾಜಲ್ಲ, ತಾಮ್ರ ಮತ್ತು ತವರ ಬೆರೆಸಿದ ಲೋಹ. ತೇವಕ್ಕೆ ನಮ್ಮ ತಾಮ್ರದ ಚೊಂಬಿನ ಹಾಗೆ ಕಂದುತ್ತಿತ್ತು. ಚೊಂಬಾದರೆ ಹುಣಸೆಹಣ್ಣು ಹಾಕಿ ಬೆಳಗಬಹುದು. ಈ ಕನ್ನಡಿಯನ್ನು ಹೊಳಪು ಮಾಡಲು ಹೋದರೆ ಆಕಾರವೇ ಕೆಡುತ್ತಿತ್ತು, ಮತ್ತೆ ಮೊದಲಿಂದ ಉಜ್ಜಬೇಕು. ಮುಂದೆ ನಲವತ್ತು ಅಡಿ ಉದ್ದದ ಟೆಲಿಸ್ಕೋಪ್ ಕಟ್ಟಿದಾಗ ಎರಡು ಕನ್ನಡಿ ಮಾಡಿಸಿಕೊಂಡ. ನಮಗೆ ಆ ಪಾಡಿಲ್ಲ. ತಮಿಳುನಾಡಿನ ಕಾವಲೂರಿನ ವೈನು ಬಪ್ಪು ವೀಕ್ಷಣಾಲಯದಲ್ಲಿರುವ 2.3 ಮೀಟರ್ ಅಗಲದ ಕನ್ನಡಿಗೂ ಆಗಾಗ ಹಳೇ ಅಲ್ಯೂಮಿನಿಯಂ ತೆಗೆದು ಹೊಸದು ಹಾಕುತ್ತಾರೆ, ಗಾಜು ಅದೇ ಇರುತ್ತದೆ. ನಮ್ಮಂಥವರ ಕನ್ನಡಿಗೂ ಹಾಗೆ ಮಾಡಿಸಬಹುದು, ಆದರೆ ಕಳಿಸಿ ತರಿಸುವ ರಗಳೆ ಬೇಡ ಅಂತಲೇ ನಾನು ಇಷ್ಟು ಕೊರೆಯುತ್ತಿರುವುದು.

ತೊಳೆದ ಮೇಲೆ ಕನ್ನಡಿ ನೇರ ಮಾಡಬೇಕು, ಅದೇ ಕೊಲಿಮೇಶನ್. ಹೆಸರಿಗೆ ಹೆದರಬೇಡ. ಫೋಕಸರ್, ಅಂದರೆ ಕಣ್ಣಿಟ್ಟು ನೋಡುವ ಕಡೆಯ ಗಿಡ್ಡ ಕೊಳವೆ, ಅದರ ಬಾಯಿಗೆ ಸರಿಯಾಗಿ ಕೂರುವ ಪ್ಲಾಸ್ಟಿಕ್ ಮುಚ್ಚಳದ ನಟ್ಟನಡುವೆ ಸಣ್ಣ ತೂತು ಮಾಡು. ಹಗಲಲ್ಲಿ, ಕೊಳವೆಯನ್ನು ಬಿಳಿ ಗೋಡೆಯ ಕಡೆ ತಿರುಗಿಸಿ ಆ ತೂತಿನಲ್ಲಿ ಕಣ್ಣಿಡು. ಚಿಕ್ಕ ಕನ್ನಡಿಯ ಕರಿ ನೆರಳು, ಅದರೊಳಗೆ ನೀನು ನೋಡುತ್ತಿರುವ ತೂತಿನ ಚುಕ್ಕೆ, ಜೊತೆಗೆ ದೊಡ್ಡ ಕನ್ನಡಿಯ ಸ್ಟಿಕ್ಕರ್ ಉಂಗುರ ಕಾಣುತ್ತದೆ. ಹಿಂದಿರುವ ಮೂರು ಸ್ಕ್ರೂಗಳನ್ನು ತಿರುಗಿಸುತ್ತಾ ಆ ಚುಕ್ಕೆಯನ್ನು ಉಂಗುರದೊಳಗೆ ತಂದು ಕೂರಿಸಿದರೆ ಆಯ್ತು. ಒಬ್ಬರು ಹಿಂದೆ ಸ್ಕ್ರೂ ತಿರುಗಿಸಿ ಇನ್ನೊಬ್ಬರು ಮುಂದೆ ಕಣ್ಣಿಟ್ಟರೆ ಐದು ನಿಮಿಷದ ಕೆಲಸ. ನಿನ್ನ ಮಗಳನ್ನು ಕೂರಿಸಿಕೋ, ನಿನಗಿಂತ ಬೇಗ ಕಲಿಯುತ್ತಾಳೆ. ಚಿಕ್ಕ ಕನ್ನಡಿಯ ಸ್ಕ್ರೂಗಳನ್ನು ಮಾತ್ರ ಮುಟ್ಟಬೇಡಿ. ಅದನ್ನು ಕೆಡಿಸಿದರೆ ಒಂದು ಭಾನುವಾರ ಪೂರ್ತಿ ಹೋಗುತ್ತದೆ.

ರಾತ್ರಿ ಧ್ರುವ ನಕ್ಷತ್ರದ ಮೇಲೆ ಪರೀಕ್ಷೆ ಮಾಡು. ಡಾಬ್‌ನಲ್ಲಿ ಬೇರೆ ನಕ್ಷತ್ರಗಳು ಓಡಿಹೋಗುತ್ತವೆ, ಧ್ರುವ ಅಲ್ಲಾಡುವುದಿಲ್ಲ. ರಾಯಚೂರಿನಲ್ಲಿ ಅದು ಉತ್ತರದಲ್ಲಿ ಸುಮಾರು 16 ಡಿಗ್ರಿ ಎತ್ತರದಲ್ಲಿರುತ್ತದೆ, ಮರ ಅಡ್ಡ ಬರದ ಕಡೆ ಇಡು. ಫೋಕಸ್ ಚೂರು ಕೆಡಿಸಿದರೆ ನಕ್ಷತ್ರ ಉಂಗುರ ಉಂಗುರವಾಗಿ ಅರಳುತ್ತದೆ. ನಡುವಿನ ಕಪ್ಪು ಚುಕ್ಕೆ ಎಲ್ಲ ಕಡೆಯಿಂದಲೂ ಸಮ ದೂರದಲ್ಲಿದ್ದರೆ ಗೆದ್ದೆ.

ಇನ್ನು ನನ್ನ ಕಡೆಯ ಕಥೆ. ನಿನ್ನದು ಧೂಳಿನ ಊರು, ನನ್ನದು ಬೂಷ್ಟಿನ ಊರು. ಹೋದ ಸಲ ಮುಂಗಾರಿಗೆ ಮುಂಚೆ, ಕೊನೆಯ ದಿನ ಅಂತ ಆಸೆಗೆ ಬಿದ್ದು ರಾತ್ರಿ ಎರಡರವರೆಗೆ ಅಂಗಳದಲ್ಲಿದ್ದೆ. ಕೊಳವೆಯೆಲ್ಲ ಇಬ್ಬನಿ. ನಿದ್ದೆಗಣ್ಣಲ್ಲಿ ಮುಚ್ಚಳ ಹಾಕಿ, ಕಣ್ಣಿಡುವ ಕಡೆ ಹಾಕುವ ಪುಟ್ಟ ಲೆನ್ಸ್ ಕೊಳವೆಗಳಾದ ಐಪೀಸ್‌ಗಳನ್ನು ಡಬ್ಬಿಗೆ ತುಂಬಿ ಮಲಗಿದೆ. ಮರುದಿನವೇ ಮಳೆ ಹಿಡಿಯಿತು. ರೋಹಿಣಿ, ಮೃಗಶಿರ, ಆರಿದ್ರೆ ಅಂತ ಒಂದರ ಹಿಂದೊಂದು. ಆರಿದ್ರಾ ನಕ್ಷತ್ರದ ತಮಾಷೆ ಗೊತ್ತಾ? ಆ ಮಳೆ ನಡೆಯುವಾಗ ಸೂರ್ಯ ಅದರ ಹತ್ತಿರವೇ ಇರುತ್ತಾನೆ. ಹಾಗಾಗಿ ಮೋಡ ಇಲ್ಲದಿದ್ದರೂ ಅದು ಕಾಣುವುದಿಲ್ಲ. ಯಜಮಾನನೇ ಊರಲ್ಲಿಲ್ಲದ ಮದುವೆ.

ಮಳೆ ಬಿಟ್ಟ ಮೇಲೆ ಡಬ್ಬಿ ತೆಗೆದೆ. ಹತ್ತು ಎಂಎಂ ಐಪೀಸ್ ಅನ್ನು ಬೆಳಕಿಗೆ ಹಿಡಿದರೆ ಒಳಗೆ ಬೇರು ಬಿಟ್ಟ ಹಾಗೆ ಬೂಷ್ಟು, ಕವಲು ಕವಲಾಗಿ. ಅದು ಬಿಡುವ ಆಮ್ಲ ಲೆನ್ಸಿನ ಲೇಪವನ್ನೇ ತಿಂದಿತ್ತು. ಹೊರಗಿದ್ದರೆ ಒರೆಸಬಹುದಿತ್ತು, ಒಳಗಿನದನ್ನು ಏನು ಮಾಡೋದು? ಬಿಚ್ಚಿದೆ. ನಾಲ್ಕು ಲೆನ್ಸ್ ಉದುರಿದವು. ಯಾವುದರ ಹಿಂದೆ ಯಾವುದು ಅಂತ ಇವತ್ತಿಗೂ ಗೊತ್ತಾಗಿಲ್ಲ, ಒಂದು ಕವರಿನಲ್ಲಿ ಹಾಕಿಟ್ಟಿದ್ದೇನೆ. ಇದು ಸಾಲದು ಅಂತ ಮುಚ್ಚಳ ಹಾಕದ ಫೋಕಸರ್‌ನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು.

ಈಗ ಒದ್ದೆಯಾದ ಯಾವುದಕ್ಕೂ ಮುಚ್ಚಳ ಹಾಕುವುದಿಲ್ಲ. ಒಳಗೆ ತಂದು ಕೊಳವೆಯನ್ನು ಅಡ್ಡ ಮಲಗಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಬೆಳಗಿನವರೆಗೆ ಬಿಡುತ್ತೇನೆ. ಪೂರ್ತಿ ಒಣಗಿದ ಮೇಲೆ ಮುಚ್ಚಳ. ಐಪೀಸ್‌ಗಳು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ. ನೀಲಿ ಹರಳು ಗುಲಾಬಿಯಾದರೆ ನೀರು ಕುಡಿದು ತುಂಬಿದೆ ಅಂತ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಅದಕ್ಕೆ ಅಡುಗೆಗೆ ಬಳಸದ ಬಾಣಲೆಯನ್ನೇ ಇಡು, ಆ ನೀಲಿ ಬಣ್ಣ ಹೊಟ್ಟೆಗೆ ಹೋಗಬಾರದು. ಯಾರೋ ಅಕ್ಕಿ ಹಾಕಿಡು ಅಂದರು. ಹಾಕಿದೆ. ನುಸಿ ಬಂತು. ಅಪ್ಪ ಒಲೆ ಮೇಲಿನ ಅಟ್ಟದಲ್ಲಿಡು, ಅಲ್ಲಿ ಬೆಚ್ಚಗಿರುತ್ತದೆ ಅಂದರು. ಬೆಚ್ಚಗೇನೋ ಇರುತ್ತದೆ, ಹೊಗೆ ಮಸಿಯೂ ಇರುತ್ತಲ್ಲ.

ನಿನಗೆ ಬೂಷ್ಟಿನ ಭಯ ಕಡಿಮೆ. ನಿನಗಿರುವುದು ಬಿಸಿಲಿನ ಕಾಟ. ಇಡೀ ದಿನ ಕಾದ ಮನೆಯೊಳಗಿಂದ ತಂದು ಕೂಡಲೇ ನೋಡಿದರೆ ಕನ್ನಡಿಯ ಬಿಸಿಗೆ ಚಿತ್ರ ಕುದಿಯುತ್ತದೆ. ನೀನು "ಶನಿ ನೀರೊಳಗಿದ್ದ ಹಾಗೆ ಅಲ್ಲಾಡ್ತಾನೆ" ಅಂದೆಯಲ್ಲ, ಅದು ಟೆಲಿಸ್ಕೋಪಿನ ದೋಷ ಅಲ್ಲ. ಒಂದು ಗಂಟೆ ಮುಂಚೆ ಹೊರಗಿಡು. ತಾರಸಿ ಬೇಡ, ಕಾಂಕ್ರೀಟು ರಾತ್ರಿ ಪೂರ್ತಿ ಬಿಸಿ ಬಿಡುತ್ತಲೇ ಇರುತ್ತದೆ. ಹಿತ್ತಲ ಮಣ್ಣಿನ ನೆಲ ಒಳ್ಳೇದು.

ಹಗಲು ಹೊತ್ತು ಮುಚ್ಚಳ ಇಲ್ಲದೆ ಅಂಗಳದಲ್ಲಿ ಬಿಡಲೇಬೇಡ. ಸೂರ್ಯನ ಕಡೆ ತಿರುಗಿದ ಕೊಳವೆಯಲ್ಲಿ ಒಂದು ಕ್ಷಣ ಕಣ್ಣಿಟ್ಟರೂ ಕಣ್ಣು ಹೋಗಬಹುದು. ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ಫೈಂಡರ್‌ಗೂ ಇದೇ ಮಾತು. ಮಗಳಿಗೆ ಇದನ್ನು ಬಯ್ದಾದರೂ ಹೇಳು.

ಮರದ ಪೀಠಕ್ಕೆ ಒಂದು ಕೈ ವಾರ್ನಿಷ್ ಹಾಕು, ಮುಖ್ಯವಾಗಿ ಕತ್ತರಿಸಿದ ಅಂಚುಗಳಿಗೆ. ನೀರು ಕುಡಿದರೆ ಆ ಹಲಗೆ ಬ್ರೆಡ್ಡಿನ ಹಾಗೆ ಉಬ್ಬುತ್ತದೆ. ಅಂದಹಾಗೆ ಆ ಪೀಠವನ್ನು ಜನಪ್ರಿಯ ಮಾಡಿದ ಜಾನ್ ಡಾಬ್ಸನ್ ಅಮೆರಿಕದಲ್ಲಿ ವೇದಾಂತ ಸೊಸೈಟಿಯ ಸನ್ಯಾಸಿಯಾಗಿದ್ದವರು. ಹಡಗಿನ ಕಿಟಕಿಯ ಹಳೇ ಗಾಜು ಉಜ್ಜಿ ಕನ್ನಡಿ ಮಾಡುತ್ತಿದ್ದರು. ಆಶ್ರಮ ಬಿಡಬೇಕಾಗಿ ಬಂದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಫುಟ್‌ಪಾತಿನಲ್ಲಿ ಟೆಲಿಸ್ಕೋಪ್ ಇಟ್ಟು ದಾರಿಹೋಕರನ್ನೆಲ್ಲ ಕರೆದು ಚಂದ್ರನನ್ನು ತೋರಿಸುತ್ತಿದ್ದರು. ನಿನ್ನ ಬೀದಿಯವರನ್ನೂ ಕರಿ. ಶನಿಯ ಉಂಗುರ 2025ರ ಮಾರ್ಚಿನಲ್ಲಿ ನಮಗೆ ಬರೀ ಅಂಚು ತೋರಿಸಿತ್ತು. ಆಮೇಲಿನ ವರ್ಷಗಳಲ್ಲಿ ಅದು ಸ್ವಲ್ಪ ಸ್ವಲ್ಪವಾಗಿ ಅಗಲವಾಗುತ್ತಾ ಹೋಗುತ್ತದೆ. ತೆಳ್ಳಗಿದ್ದರೂ ಮೊದಲ ಸಲ ನೋಡಿದವರು "ಚಿತ್ರ ಅಂಟಿಸಿದ್ದೀಯಾ?" ಅಂತ ಕೇಳಿಯೇ ಕೇಳುತ್ತಾರೆ.

ಇಲ್ಲಿ ಅಡಿಕೆ ಕೊಯ್ಲು ಶುರುವಾದರೆ ಅಂಗಳ ನನ್ನದಲ್ಲ, ರಾತ್ರಿಯೆಲ್ಲ ಒಲೆ ಹೊಗೆ ಬೇರೆ. ಅದಕ್ಕೇ ಡಿಸೆಂಬರ್ ಅಮಾವಾಸ್ಯೆಗೆ ನಿನ್ನಲ್ಲಿಗೆ ಬರುತ್ತೇನೆ. ಪಂಚೆಯಲ್ಲಿ ಒರೆಸಿದ ಆ ಹಳೇ ಕನ್ನಡಿಯನ್ನೂ ತರುತ್ತೇನೆ, ನಿನ್ನದರ ಪಕ್ಕದಲ್ಲಿಟ್ಟು ಟಾರ್ಚ್ ಹಾಕಿ ನೋಡೋಣ.

ನಿನ್ನ,
ಸಾಗರದವ