ಬ್ಲ್ಯಾಕ್‌ಕರಂಟ್ ಬೇಡ, ಹಿಪ್ಪುನೇರಳೆ ನೆಡಿ

ಮಾನ್ಯರೇ,

ಐಸ್‌ಕ್ರೀಮಿನ ರುಚಿಗೆ ಮನಸೋತು ಬ್ಲ್ಯಾಕ್‌ಕರಂಟ್ ಗಿಡವನ್ನು ಕೈತೋಟಕ್ಕೆ ತರಬೇಕೆಂದಿರುವವರು ದಯವಿಟ್ಟು ದುಡ್ಡು ಉಳಿಸಿಕೊಳ್ಳಿ. ಮೈಸೂರು, ಮಂಡ್ಯದ ಹವೆಗೆ ಅದು ಹಣ್ಣು ಕಟ್ಟುವುದಿಲ್ಲ. ಗೊಬ್ಬರ ಹೆಚ್ಚಿಸಿದರೂ ಅಷ್ಟೆ, ಏಕೆಂದರೆ ಕೊರತೆ ಇರುವುದು ಚಳಿಯದ್ದು. ಮೊಗ್ಗು ಸರಿಯಾಗಿ ಒಡೆಯಲು ಈ ಪೊದೆಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ತಂಪು ಹೆಚ್ಚುಕಡಿಮೆ 1,000 ಗಂಟೆ ಸಿಗಬೇಕು. ನಮ್ಮಲ್ಲಿ ಧನುರ್ಮಾಸದ ನಸುಕಿನಲ್ಲೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು ಇರುತ್ತದೆ. ಒಣಹಣ್ಣಿನ ಅಂಗಡಿಯಲ್ಲಿ ಇದೇ ಹೆಸರಿನಲ್ಲಿ ಸಿಗುವುದು ಬಹುಪಾಲು ಕಪ್ಪು ಒಣದ್ರಾಕ್ಷಿ. ಅದನ್ನು ಬಿತ್ತಿ ಕಾಯುವುದೂ ವ್ಯರ್ಥ.

ಅದೇ ಜಾಗದಲ್ಲಿ ಹಿಪ್ಪುನೇರಳೆ ನೆಡಿ. ರೇಷ್ಮೆ ಹುಳುವಿನ ಮೇವೆಂದು ಅದರ ಹಣ್ಣನ್ನು ನಾವು ಕಡೆಗಣಿಸಿರುವುದು ನಿಜಕ್ಕೂ ನಷ್ಟ. ಕಡ್ಡಿ ಆರಿಸುವಾಗಲೇ ಹೆಚ್ಚಿನವರು ಎಡವುತ್ತಾರೆ. ವಿ-1ನಂಥ ತಳಿಗಳನ್ನು ಆಯ್ದಿರುವುದು ಸೊಪ್ಪಿಗೆ. ಸಾಲದ್ದಕ್ಕೆ ಕೆಲವು ಗಿಡಗಳಲ್ಲಿ ಗಂಡು ಹೂ ಮಾತ್ರ ಬರುತ್ತದೆ. ಆದ್ದರಿಂದ ಹಣ್ಣು ಬಿಟ್ಟಿದ್ದನ್ನು ಕಣ್ಣಾರೆ ಕಂಡ ಗಿಡದಿಂದಲೇ ಕಡ್ಡಿ ಕೇಳಿ. 6-8 ತಿಂಗಳು ಬಲಿತ, ಪೆನ್ಸಿಲ್ ದಪ್ಪದ, 3-4 ಕಣ್ಣುಗಳಿರುವ ಗೇಣುದ್ದದ ಕಡ್ಡಿ ಸಾಕು. ಬುಡವನ್ನು ಓರೆಯಾಗಿ ಕತ್ತರಿಸಿ. ಇಲ್ಲವಾದರೆ ತಲೆಕೆಳಗಾಗಿ ನೆಟ್ಟುಬಿಡುವುದುಂಟು. ಜೂನ್-ಜುಲೈನಲ್ಲಿ ಒಂದು ಕಣ್ಣು ಮಾತ್ರ ಮೇಲಿರುವಂತೆ ಚೀಲದಲ್ಲಿ ಊರಿ, ಮೂರು ತಿಂಗಳ ನಂತರ ಒಂದೂವರೆ ಅಡಿ ಗುಂಡಿಗೆ 10 ಕಿಲೋ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡಿ. ಮಂಡ್ಯದ ನಾಲೆ ಬಯಲಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಅಲ್ಲಿ ದಿಬ್ಬ ಮಾಡಿ ನೆಡಬೇಕು.

ಗಿಡ ಚೆನ್ನಾಗಿ ಕವಲೊಡೆದ ಮೇಲೆ ಕೊಂಬೆಗಳನ್ನು ಅರ್ಧಕ್ಕೆ ಸವರಿ ಎಲೆಗಳನ್ನೆಲ್ಲ ಕಿತ್ತುಹಾಕಿ. ಹೊಸ ಚಿಗುರಿನ ಜೊತೆಗೇ ಹೂವು ಬಂದು, ಸುಮಾರು ಎರಡು ತಿಂಗಳಲ್ಲಿ ಹಣ್ಣು ಕಪ್ಪಾಗುತ್ತದೆ. ರೇಷ್ಮೆ ಬೆಳೆಗಾರರಂತೆ ಬುಡಮಟ್ಟಕ್ಕೆ ಕಡಿದರೆ, ಇಲ್ಲವೇ ಯೂರಿಯಾ ಸುರಿದರೆ, ಬರುವುದು ಬರೀ ಸೊಪ್ಪು.

ಬೇಸಿಗೆಯಲ್ಲಿ ತುದಿ ಎಲೆಗಳು ಮುದುಡಿ ಗಂಟಾದರೆ ಒಳಗೆ ಹಿಟ್ಟು ತಿಗಣೆ ಇರುತ್ತದೆ. ಆ ತುದಿಗಳನ್ನು ಕತ್ತರಿಸಿ ಸೋಪಿನ ನೀರಿನಲ್ಲಿ ಮುಳುಗಿಸಿ. ಔಷಧಿ ಮಾತ್ರ ಹೊಡೆಯಬೇಡಿ: ಗಾಳಿಗೆ ತೇಲಿ ಪಕ್ಕದ ತೋಟದ ಸೊಪ್ಪಿನ ಮೇಲೆ ಬಿದ್ದರೆ, ಅದನ್ನು ತಿಂದ ರೇಷ್ಮೆ ಹುಳುಗಳು ಸಾಯುತ್ತವೆ, ಒಂದು ಮನೆಯ ಬೆಳೆಯೇ ಹೋಗುತ್ತದೆ.

– ಕೈತೋಟ ಆಸಕ್ತರು, ಮೈಸೂರು